ನಿಧಾನಮ್ಮನ ಗಂಡ

ಕನ್ನಡಕದ ಅಂಗಡಿಯವನನ್ನು ಬೀದಿಯವರೆಲ್ಲ ‘ಡಾಕ್ಟ್ರೇ’ ಎಂದೇ ಕರೆಯುತ್ತಿದ್ದರು. ಅವನೇನೂ ಡಾಕ್ಟರಲ್ಲ. ಕಣ್ಣಿನ ನಂಬರ್ ನೋಡುವ ಕೋರ್ಸೊಂದನ್ನು ಮುಗಿಸಿ, ಸೋದರಮಾವನ ಅಂಗಡಿಯಲ್ಲಿ ಗಾಜು ಕತ್ತರಿಸಿ ಅಂಚು ಉಜ್ಜುವುದನ್ನು ಕಲಿತು, ಆಮೇಲೆ ಸ್ವಂತದ್ದೊಂದು ಅಂಗಡಿ ಇಟ್ಟವನು. ಆದರೆ ಡಾಕ್ಟ್ರೇ ಅಂದವರನ್ನು ತಿದ್ದುವ ಗೋಜಿಗೆ ಎಂದೂ ಹೋಗಲಿಲ್ಲ. ತಾನಾಗಿ ಬಂದ ಪದವಿಯನ್ನು ಬೇಡವೆನ್ನುವಷ್ಟು ವೈರಾಗ್ಯ ಅವನಿಗಿನ್ನೂ ಬಂದಿರಲಿಲ್ಲ.

ಮನುಷ್ಯ ಒಳ್ಳೆಯವನು, ಕೆಲಸದಲ್ಲಿ ಅಚ್ಚುಕಟ್ಟು, ಬಾಯಿ ಮಾತ್ರ ಸ್ವಲ್ಪ ಉದ್ದ. ಆದರೂ ಊರಿನ ಹೆತ್ತವರು ಅವನನ್ನು ಮೆಚ್ಚಿಕೊಂಡಿದ್ದಕ್ಕೆ ಕಾರಣವೇ ಬೇರೆ. ಮಕ್ಕಳನ್ನು ಕನ್ನಡಕಕ್ಕೆ ಕರೆತರುವ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಬೈಯುತ್ತಲೇ ಒಳಗೆ ಬರುತ್ತಾರೆ. ಓದಲ್ಲ, ಬೋರ್ಡ್ ಮೇಲಿರೋದನ್ನ ಬರ್ಕೊಳ್ಳಲ್ಲ, ಗಮನ ಎಲ್ಲೋ ಇರುತ್ತೆ, ಶುದ್ಧ ದಡ್ಡ. ಅವನು ಎದುರಾಡದೆ ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ದಪ್ಪ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಬದಲಾಯಿಸುತ್ತ ಹೋಗುತ್ತಿದ್ದ. ಗೋಡೆಯ ಅಕ್ಷರಗಳು ತಟ್ಟನೆ ಕಂಡಾಗ ಮಗುವಿನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಆಗ ಹೆತ್ತವರ ಕಡೆ ತಿರುಗಿ ಹೇಳುತ್ತಿದ್ದ: “ಮಗು ದಡ್ಡ ಅಲ್ಲ. ಅದಕ್ಕೆ ಕಾಣ್ತಾ ಇರ್ಲಿಲ್ಲ, ಅಷ್ಟೇ. ಕಾಣದೇ ಇದ್ದಿದ್ದಕ್ಕೆ ನೀವು ಬೈದಿದ್ದೀರಿ. ತಪ್ಪಾಯ್ತು ಅಂತ ಮಗೂಗೆ ಒಂದು ಮಾತು ಹೇಳ್ಬಿಡಿ.” ಈ ಮಾತನ್ನು ಕೇಳಿ ಎಷ್ಟೋ ಅಪ್ಪಂದಿರು ಕಣ್ಣೊರೆಸಿಕೊಂಡಿದ್ದಾರೆ. ಇಂಥವನು ಸ್ವಂತ ಹೆಂಡತಿಗೆ ಏನು ಮಾಡಿದ ಎನ್ನುವುದೇ ಇಲ್ಲಿಯ ಕಥೆ.

ಅಂಗಡಿಯಲ್ಲಿ ಎರಡು ಭಾಗ. ಮುಂದೆ ಫ್ರೇಮುಗಳ ಕಪಾಟು, ಕೌಂಟರು, ಕಂಪ್ಯೂಟರು, ಅದರ ಹಿಂದೆ ಹೆಂಡತಿ. ಎದೆಮಟ್ಟದ ಹಲಗೆಯ ಮರೆಯಾಚೆ ಒಳಭಾಗ. ಅಲ್ಲಿ ಕಣ್ಣು ನೋಡುವ ಕುರ್ಚಿ, ಗಾಜಿನ ಅಂಚು ಉಜ್ಜುವ ಯಂತ್ರ, ಅವನು. ಒಳಗೆ ಆಡಿದ್ದು ಹೊರಗೆ, ಹೊರಗೆ ಆಡಿದ್ದು ಒಳಗೆ ಚೆನ್ನಾಗಿ ಕೇಳುತ್ತಿತ್ತು. ಹಳೆ ಗಿರಾಕಿ ಬಂದರೆ ಹೆಂಡತಿ ಕಂಪ್ಯೂಟರಿನಲ್ಲಿ ಅವರ ಹಿಂದಿನ ನಂಬರ್ ಹುಡುಕಿ, ಚೀಟಿ ತೆಗೆದು, ಮರೆಯ ಮೇಲಿಂದ ಅವನ ಕೈಗೆ ಕೊಡಬೇಕು. ಆ ಚೀಟಿ ಬರುವುದು ಯಾವಾಗಲೂ ತಡ. ಕಂಪ್ಯೂಟರು ಹೊಟ್ಟೆಯೊಳಗೆ ಕಟಕಟ ಎನ್ನುತ್ತ, ಪರದೆಯ ಮೇಲೆ ಒಂದು ಉಂಗುರವನ್ನು ಸುತ್ತಿಸುತ್ತ ಕೂತುಬಿಡುತ್ತಿತ್ತು. ಅವನಿಗೆ ಒಳಗಿನಿಂದ ಉಂಗುರ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಹೆಂಡತಿಯ ಬೆನ್ನು, ಸುಮ್ಮನೆ ಕೂತ ಎರಡು ಕೈ.

“ಏನೇ, ಸಿಕ್ತಾ? ಇಲ್ಲ, ಗಿರಾಕಿಗೆ ಇನ್ನೊಂದು ಸಲ ನಂಬರ್ ಏರೋವರೆಗೂ ಹುಡುಕ್ತೀಯಾ?” ಎಂದು ಅವನು ಕೂಗುತ್ತಿದ್ದ. ಕಾಯುತ್ತ ಕೂತವರು ನಗುತ್ತಿದ್ದರು. ಜನ ನಕ್ಕರೆ ಅವನ ಬಾಯಿಗೆ ಇನ್ನೂ ಹುರುಪು. “ನಮ್ಮ ನಿಧಾನಮ್ಮ ಇದಾಳಲ್ಲ, ಅವಳ ಕೈಗೆ ಒಂದು ಕನ್ನಡಕ ಮಾಡಿಸ್ಬೇಕು” ಅಂದ ಒಂದು ದಿನ. ಅಲ್ಲಿಂದ ಅವಳಿಗೆ ನಿಧಾನಮ್ಮ ಎನ್ನುವ ಹೆಸರು ಗಟ್ಟಿಯಾಯಿತು. ಎದುರಿನ ಬೇಕರಿಯವನು “ನಿಧಾನಮ್ಮಾವ್ರೇ, ನಾನು ಅಂಗಡಿ ಬಾಗಿಲು ಹಾಕ್ಕೊಂಡೇ ಬಂದಿದ್ದೀನಿ, ಆರಾಮಾಗಿ ಹುಡುಕಿ” ಎನ್ನುತ್ತಿದ್ದ. ಪ್ರೀತಿಯಿಂದಲೇ ಹೇಳುತ್ತಿದ್ದ, ಪಾಪ. ಅವಳೂ ನಗುತ್ತಿದ್ದಳು. ಹೆಸರು ಇಟ್ಟ ಗಂಡನ ಎದುರು ಇನ್ನೇನು ಮಾಡಿಯಾಳು?

ಒಮ್ಮೆ ಅವಳು ಕೇಳಿದ್ದೂ ಉಂಟು. ಎಲ್ಲೋ ಓದಿದ್ದಳು, ಯಾರನ್ನೋ ವಿಚಾರಿಸಿದ್ದಳು. “ರೀ, ಕಂಪ್ಯೂಟರ್ ಒಳಗೆ ಹಳೇ ಡಿಸ್ಕ್ ಇರುತ್ತಂತೆ. ಅದನ್ನ ತೆಗೆದು ಎಸ್‌ಎಸ್‌ಡಿ ಅಂತ ಬರುತ್ತಲ್ಲ, ಅದು ಹಾಕಿದ್ರೆ ಬೇಗ ಆಗುತ್ತಂತೆ. ನಾವೂ ಹಾಕ್ಸೋಣ್ವಾ?” ಅಂಗಡಿಯಲ್ಲಿ ಜನ ಇದ್ದರು. ಅವನು ಮರೆಯ ಮೇಲೆ ತಲೆ ಎತ್ತಿ, “ಡಿಸ್ಕ್ ಯಾಕೆ, ನಿನ್ನ ಕೈನೇ ಬದಲಾಯಿಸೋಣ ಬಿಡು” ಅಂದ. ನಗೆಯೋ ನಗೆ. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ.

ಇನ್ನೊಂದು ಸಂಗತಿಯಂತೂ ಹೇಳುವುದಕ್ಕೇ ಬೇಸರ. ಹತ್ತಿರದ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ತಮ್ಮ ಕನ್ನಡಕದ ಕಡ್ಡಿ ಸರಿಮಾಡಿಸಲು ಬಂದವರು, ಗಿರಾಕಿಗಳ ಹೆಸರು, ನಂಬರ್, ಮನೆಯವರ ನಂಬರನ್ನೆಲ್ಲ ಇವಳು ಬಾಯಲ್ಲೇ ಹೇಳುವುದನ್ನು ಕಂಡು ಬೆರಗಾದರು. “ನಮ್ಮಲ್ಲಿ ರೋಗಿಗಳ ದಾಖಲೆ ವಿಭಾಗಕ್ಕೆ ಒಬ್ಬರು ಬೇಕು. ಬರ್ತೀರಾ? ನಿಮ್ಮಂಥೋರು ಸಿಗಲ್ಲ” ಎಂದು ಕರೆದರು. ಅವಳ ಮುಖ ಒಂದು ಗಳಿಗೆ ಅರಳಿತು. ಆಮೇಲೆ ತಾನೇ ತಲೆ ತಗ್ಗಿಸಿ, “ಇಲ್ಲ ಮೇಡಂ, ನನ್ನ ಕೈ ತುಂಬಾ ನಿಧಾನ. ನಿಮಗೆ ತೊಂದ್ರೆ ಆಗುತ್ತೆ” ಅಂದಳು. ಒಳಗಿದ್ದವನು ಸುಮ್ಮನಿರಬೇಕೋ ಬೇಡವೋ? “ಹೌದು ಮೇಡಂ, ರೋಗಿಗಳು ಕಾದೂ ಕಾದೂ ಇನ್ನೊಂದು ರೋಗ ಹತ್ತಿಸ್ಕೋತಾರೆ!” ಎಂದು ಸೇರಿಸಿದ. ಡಾಕ್ಟರಮ್ಮ ನಗಲಿಲ್ಲ. ಅಂಗಡಿಯ ಕೆಲಸದಾಳು ಕೈತಪ್ಪಿ ಹೋಗಲಿಲ್ಲವಲ್ಲ ಎಂದು ಅವನಿಗೆ ಅಂದು ಒಳಗೊಳಗೇ ಸಮಾಧಾನವಾಗಿತ್ತು.

ಹೀಗಿರುವಾಗ ಅವಳ ಅಕ್ಕನಿಗೆ ಮಂಡಿಯ ಆಪರೇಷನ್ ಆಯಿತು. ನೋಡಿಕೊಳ್ಳಲು ಇವಳೇ ಹೋಗಬೇಕಾಯಿತು. “ಕಂಪ್ಯೂಟರ್ ಕೆಲ್ಸ ನಿಮಗಾಗುತ್ತಾ?” ಎಂದು ಹೊರಡುವಾಗ ಕೇಳಿದಳು. “ಹೋಗೇ, ನೀನಿಲ್ದೇ ಇದ್ರೆ ಅಂಗಡಿ ಓಡುತ್ತೆ, ನಡೆಯಲ್ಲ” ಎಂದು ಬೀಗಿದ.

ಮರುದಿನ ಬೆಳಿಗ್ಗೆ ಬಂದವರು ನಿವೃತ್ತ ಹೆಡ್‌ಮಿಸ್ಟ್ರೆಸ್. ಅವನು ಹೆಂಡತಿಯ ಕುರ್ಚಿಯಲ್ಲಿ ಕೂತು, ಜಂಬದಿಂದ ಅವರ ಹೆಸರು ಒತ್ತಿದ. ಉಂಗುರ ಸುತ್ತತೊಡಗಿತು. ಕಾದ. ಇನ್ನೊಮ್ಮೆ ಒತ್ತಿದ. ಒತ್ತಿದ್ದಕ್ಕೆ ಸಿಟ್ಟು ಬಂದಂತೆ ಪರದೆ ಬೆಳ್ಳಗಾಗಿ ನಿಂತುಬಿಟ್ಟಿತು. ಅಷ್ಟರಲ್ಲಿ ಇನ್ನಿಬ್ಬರು ಬಂದರು. ಬೇಕರಿಯವನೂ ಬಂದ. ಕುರ್ಚಿಯಲ್ಲಿ ಕೂತವನ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಹೆಡ್‌ಮಿಸ್ಟ್ರೆಸ್ ಗಡಿಯಾರ ನೋಡಿಕೊಂಡು, “ನಾನೇನು ಮನೆಗೆ ಹೋಗಿ ಬರ್ಲಾ?” ಅಂದರು. ಬೇಕರಿಯವನು, “ಏನ್ ಡಾಕ್ಟ್ರೇ, ನಿಧಾನಪ್ಪ ಆಗ್ಬಿಟ್ರಾ!” ಅಂದ. ಎಲ್ಲರೂ ನಕ್ಕರು. ಅವನ ಕಿವಿ ಕೆಂಪಗಾಯಿತು. ಆ ನಗೆ ಅವನಿಗೆ ಚೆನ್ನಾಗಿ ಪರಿಚಿತ. ಆದರೆ ಅದು ಬಂದು ಬೀಳುವ ಜಾಗದಲ್ಲಿ ಅವನು ಇದುವರೆಗೆ ಕೂತಿರಲಿಲ್ಲ.

ಮುಂದಿನ ದಿನಗಳಲ್ಲಿ ಆ ಕುರ್ಚಿ ಅವನಿಗೆ ಒಂದೊಂದಾಗಿ ಪಾಠ ಕಲಿಸಿತು. ಗಿರಾಕಿ ಬಾಗಿಲಲ್ಲಿರುವಾಗಲೇ ಅವಳು “ಯಾರ ಹೆಸ್ರಲ್ಲಿ?” ಎಂದು ಕೇಳುತ್ತಿದ್ದಳು. “ಒಳಗೆ ಬರೋದಕ್ಕೂ ಬಿಡಲ್ಲ, ಪೊಲೀಸಾಗ್ಬೇಕಿತ್ತು ನೀನು” ಎಂದು ಅವನು ಗೇಲಿ ಮಾಡಿದ್ದ. ಅವರು ನಡೆದುಬಂದು ಕೂರುವಷ್ಟರಲ್ಲಿ ಒಂದಷ್ಟು ಉಂಗುರ ಸುತ್ತಿ ಮುಗಿಯಲಿ ಎಂದು ಕೇಳುತ್ತಿದ್ದಳೆಂದು ಈಗ ಗೊತ್ತಾಯಿತು. ಬೆಳಿಗ್ಗೆ ಕಸ ಗುಡಿಸುವ ಮೊದಲೇ ಕಂಪ್ಯೂಟರ್ ಹಾಕುತ್ತಿದ್ದದ್ದೂ ಅದಕ್ಕೇ. ಮೇಜಿನ ಖಾನೆ ತೆರೆದರೆ ಅಲ್ಲಿ ಕನ್ನಡಕದ ಪುಟಾಣಿ ತಿರುಪುಗಳು ಗಾತ್ರದ ಪ್ರಕಾರ ಬೇರೆ ಬೇರೆ ಡಬ್ಬಿಯಲ್ಲಿ, ಮೂಗಿನ ಮೆತ್ತೆಗಳು ಜೋಡಿ ಜೋಡಿಯಾಗಿ. ತಿರುಪು ಕೇಳಿದ ತಕ್ಷಣ ಕೈಗೆ ಬರುತ್ತಿತ್ತಲ್ಲ, ಯಾವಾಗ ಆರಿಸಿಡುತ್ತಾಳೆ ಎಂದು ಅವನು ಯೋಚಿಸಿಯೇ ಇರಲಿಲ್ಲ. ಕಾಯುವ ಗಿರಾಕಿಯ ಮಕ್ಕಳ ಬಗ್ಗೆ, ಕೆಮ್ಮಿನ ಬಗ್ಗೆ, ಬಾಡಿಗೆ ಮನೆಯ ಬಗ್ಗೆ ಅವಳು ವಿಚಾರಿಸುತ್ತಿದ್ದಳು. ಅದನ್ನು ಅವನು ಹರಟೆ ಎಂದುಕೊಂಡಿದ್ದ. ಅವನಿಗೆ ಅದೂ ಬರಲಿಲ್ಲ. ಸುಮ್ಮನೆ ಕೂತು ಬೆವರುವುದಷ್ಟೇ ಬಂದದ್ದು.

ಇಷ್ಟಾದ ಮೇಲೆ ಅಂಗಡಿಯ ಬಾಗಿಲು ಹಾಕಿ, ಕಂಪ್ಯೂಟರಿನ ಡಬ್ಬವನ್ನು ಮಗುವಿನಂತೆ ಎತ್ತಿಕೊಂಡು ಬಿಡಿಭಾಗಗಳ ಅಂಗಡಿಗೆ ಹೋದ. ಆ ಅಂಗಡಿ ನಡೆಸುತ್ತಿದ್ದವಳು ಚುರುಕಿನ ಹೆಂಗಸು.

“ಎಸ್‌ಎಸ್‌ಡಿ ಬೇಕು. ಇರೋದ್ರಲ್ಲೇ ಸ್ಪೀಡಾಗಿರೋದು. ಆ ಸಣ್ಣ ಪಟ್ಟಿ ಥರ ಬರುತ್ತಲ್ಲ, ಅದು” ಎಂದ. ಬರುವ ಮುಂಚೆ ಜಾಹೀರಾತು ನೋಡಿಕೊಂಡಿದ್ದ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಅವನಿಗೆ ಇಲ್ಲಿಯೂ ಬರಲಿಲ್ಲ.

ಅವಳು ಡಬ್ಬದ ಮುಚ್ಚಳ ತೆಗೆದು ಟಾರ್ಚ್ ಬಿಟ್ಟಳು. “ಈ ಬೋರ್ಡಲ್ಲಿ ಅದು ಕೂರೋ ಜಾಗಾನೇ ಇಲ್ಲ ಸರ್. ಹಳೇ ಮೆಷಿನ್. ಇದಕ್ಕೆ ಈ ಚಪ್ಪಟೆ ಡಬ್ಬಿ ಥರದ್ದೇ ಆಗ್ಬೇಕು, ಸಾಟಾ ಅಂತಾರೆ. ಏನು ಕೆಲ್ಸ ಮಾಡ್ತೀರಿ ಇದ್ರಲ್ಲಿ?”

“ಗಿರಾಕಿಗಳ ನಂಬರ್ ಹುಡುಕೋದು, ಚೀಟಿ ತೆಗೆಯೋದು.”

“ಅಷ್ಟಕ್ಕೆ ಇದು ಧಾರಾಳ. ಪಟ್ಟಿ ಥರದ್ದು ಹಾಕಿದ್ರೂ ನಿಮ್ಮ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಹಳೇ ಡಿಸ್ಕಿಗೂ ಇದಕ್ಕೂ ಮಾತ್ರ ಅಜಗಜಾಂತರ.”

“ಹಾಗಾದ್ರೆ ಎಲ್ಲಕ್ಕಿಂತ ದೊಡ್ಡದು ಕೊಡಿ.”

ಅವಳು ಹಳೆಯ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದಳು. ಅಷ್ಟೂ ವರ್ಷಗಳ ಹೆಸರು, ನಂಬರ್ ಎಲ್ಲ ಸೇರಿದರೂ ಒಂದು ಮೂಲೆಯೂ ತುಂಬಿರಲಿಲ್ಲ. “ದೊಡ್ಡದು ತಗೊಂಡು ಖಾಲಿ ಇಟ್ಕೊಂಡು ಏನ್ಮಾಡ್ತೀರಿ? ಸಣ್ಣದೇ ಸಾಕು. ಆದ್ರೆ ಹೆಸರಿಲ್ಲದ ಕಂಪನೀದು ಬೇಡ, ವಾರಂಟಿ ಜಾಸ್ತಿ ಇರೋದು ತಗೊಳ್ಳಿ. ಇನ್ನೊಂದು ವಿಷ್ಯ. ಹಳೇದು ಕೆಡೋ ಮುಂಚೆ ಕಟಕಟ ಅಂತ ಗೊಣಗುತ್ತೆ. ಇದು ಎಷ್ಟೋ ಸಲ ಸದ್ದೇ ಮಾಡ್ದೆ ಕೈ ಕೊಡುತ್ತೆ. ಬೇರೆ ಕಡೆ ಒಂದು ಕಾಪಿ ಇಟ್ಟಿರಿ.”

ಮುಖಕ್ಕೆ ಹೊಂದುವ ಫ್ರೇಮು ಬಿಟ್ಟು ಸಿನಿಮಾದಲ್ಲಿ ಕಂಡದ್ದೇ ಬೇಕು ಎನ್ನುವ ಗಿರಾಕಿಗಳಿಗೆ ತಾನು ಹೇಳುವುದೂ ಇದನ್ನೇ ಎಂದು ಅವನಿಗೆ ನಗು ಬಂತು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಹಳೆಯದರಲ್ಲಿದ್ದದ್ದನ್ನು ಹೊಸದಕ್ಕೆ ಇಳಿಸಲು ಬಿಟ್ಟು, ಅವಳು ಹಳೆಯ ಡಿಸ್ಕಿನ ಸ್ಥಿತಿ ತೋರಿಸುವ ಪರದೆಯನ್ನು ನೋಡುತ್ತ ಹುಬ್ಬೇರಿಸಿದಳು.

“ಇದು ಯಾವತ್ತೋ ಸುಸ್ತಾಗಿ ಹೋಗಿದೆಯಲ್ಲ! ಇದನ್ನಿಟ್ಕೊಂಡು ಯಾರು ಸರ್ ಕೆಲ್ಸ ಮಾಡಿದ್ದು? ಬೇರೆಯವರಾಗಿದ್ರೆ ಎತ್ತಿ ಬಿಸಾಕಿರೋರು. ಅವರ ತಾಳ್ಮೆಗೆ ಕೈ ಮುಗೀಬೇಕು.”

“ನಾನೇ” ಅಂದ ಅವನು.

ಯಾಕೆ ಹಾಗಂದನೋ ಅವನಿಗೇ ತಿಳಿಯಲಿಲ್ಲ. ಹೆಂಡತಿ ಎಂದಿದ್ದರೆ, ಅವರಿಗೆ ಮೊದಲೇ ಯಾಕೆ ಹಾಕಿಸಿಕೊಡಲಿಲ್ಲ ಎಂದು ಮುಂದಿನ ಪ್ರಶ್ನೆ ಬರುತ್ತಿತ್ತೋ ಏನೋ. ಅವಳಿಗೆ ನಿಧಾನಮ್ಮ ಎಂಬ ಹೆಸರು ಕಟ್ಟಿದ್ದು ಸಾಲದೆಂಬಂತೆ, ಅವಳ ಪಾಲಿಗೆ ಬಂದ ಒಂದು ಹೊಗಳಿಕೆಯನ್ನೂ ಕದ್ದು ಜೇಬಿಗೆ ಹಾಕಿಕೊಂಡಂತಾಯಿತು. ದಾರಿಯುದ್ದಕ್ಕೂ ಅವನಿಗೆ ತನ್ನ ಮುಖವನ್ನು ಯಾರಿಗೂ ತೋರಿಸಬಾರದು ಎನಿಸುತ್ತಿತ್ತು. ಹಳೆಯ ಡಿಸ್ಕನ್ನು ಎಸೆಯಲು ಮನಸ್ಸಾಗದೆ, ಒಳಗಿನ ತನ್ನ ಮೇಜಿನ ಖಾನೆಯಲ್ಲಿ ಬಟ್ಟೆ ಸುತ್ತಿ ಇಟ್ಟ.

ಅಕ್ಕ ಎದ್ದು ಓಡಾಡುವಂತಾದ ಮೇಲೆ ಹೆಂಡತಿ ವಾಪಸು ಬಂದಳು. ಅಂಗಡಿಗೆ ಬಂದವಳೇ ಪೊರಕೆ ಹಿಡಿಯುವ ಮುಂಚೆ ಕಂಪ್ಯೂಟರಿನ ಗುಂಡಿ ಒತ್ತಿದಳು. ತಿರುಗಿ ಪೊರಕೆ ತೆಗೆದುಕೊಳ್ಳುವಷ್ಟರಲ್ಲಿ ಪರದೆ ಸಿದ್ಧವಾಗಿತ್ತು. “ಅಯ್ಯೋ, ಇದೇನ್ರೀ?” ಅಂದಳು. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅವನು ಗಾಜು ಒರೆಸುತ್ತ, “ಧೂಳಿತ್ತು, ಕ್ಲೀನ್ ಮಾಡಿಸ್ದೆ” ಅಂದ. ಡಿಸ್ಕ್ ಎಂದರೆ ‘ನಿನ್ನ ಕೈನೇ ಬದಲಾಯಿಸೋಣ’ ಎಂದದ್ದು ನೆನಪಿಗೆ ಬರುತ್ತದಲ್ಲ. ಧೂಳು ಎಂದರೆ ಏನೂ ನೆನಪಾಗುವುದಿಲ್ಲ.

ಅವಳು ನಂಬಿದಳು. ಅದೇ ಅವನನ್ನು ಕೊಂದದ್ದು. ಚೀಟಿಗಳು ಪಟಪಟನೆ ಬರತೊಡಗಿದವು. ಬೇಕರಿಯವನು, “ಏನಮ್ಮಾ, ಕೈಗೆ ಚಕ್ರ ಕಟ್ಟಿಸ್ಕೊಂಡು ಬಂದ್ರಾ?” ಎಂದಾಗ ಅವಳು ನಾಚಿ, ಬೆರಳುಗಳನ್ನು ಮುಂದೆ ಚಾಚಿ ನೋಡಿಕೊಂಡು, “ಅಕ್ಕನ ಮನೇಲಿ ಕೈಗೆ ಸ್ವಲ್ಪ ರೆಸ್ಟ್ ಸಿಕ್ತು ನೋಡಿ, ಅದಕ್ಕೇ ಇರ್ಬೇಕು. ಇನ್ನೂ ಅಭ್ಯಾಸ ಮಾಡ್ತೀನಿ” ಅಂದಳು. ಒಳಗೆ ಅವನು ಯಂತ್ರ ನಿಲ್ಲಿಸಿದ. ಇಂದು ಹೇಳುತ್ತೇನೆ ಎಂದುಕೊಂಡ. ಊಟದ ಹೊತ್ತಿಗೆ ಹೇಳುತ್ತೇನೆ ಎಂದುಕೊಂಡ. ಊಟಕ್ಕೆ ಕೂತಾಗ ಅವಳು ಅಕ್ಕನ ಮಂಡಿಯ ಸುದ್ದಿ ಹೇಳುತ್ತಿದ್ದಳು, ಇವನು ತಟ್ಟೆ ನೋಡುತ್ತಿದ್ದ. ಹೀಗೆ ದಿನಗಳು ಉರುಳಿದವು. ಮರೆಯಾಚೆಯಿಂದ ಕೂಗುವುದನ್ನು ನಿಲ್ಲಿಸಿದ್ದ. ಅದನ್ನೂ ಅವಳು ತನ್ನ ಕೈ ಸುಧಾರಿಸಿದ್ದಕ್ಕೆ ಸಿಕ್ಕ ಮರ್ಯಾದೆ ಎಂದೇ ತಿಳಿದಳು.

ಅಂಥ ಒಂದು ಬೆಳಿಗ್ಗೆ ತಾಯಿಯೊಬ್ಬಳು ಮಗಳ ಕೈ ಹಿಡಿದು ಎಳೆದುಕೊಂಡು ಬಂದಳು. ಕೌಂಟರಿನ ಮುಂದೆ ಹೆಡ್‌ಮಿಸ್ಟ್ರೆಸ್, ಬೇಕರಿಯವನು ಇಬ್ಬರೂ ಇದ್ದರು. “ಬರೆಯೋದು ಅಂದ್ರೆ ಆಮೆ. ಕ್ಲಾಸಲ್ಲಿ ಎಲ್ರೂ ಮುಗಿಸಿದ್ರೆ ಇವಳದ್ದು ಒಂದು ಸಾಲು. ಎಲ್ರೆದುರು ಮಾನ ಕಳೀತಾಳೆ, ದಡ್ಡಿ” ಎಂದು ತಾಯಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಹುಡುಗಿ ಫ್ರೇಮುಗಳ ಕಪಾಟನ್ನೇ ನೋಡುತ್ತ ನಿಂತಿತ್ತು.

ಅವನು ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿದ. ಚೌಕಟ್ಟು ಇಟ್ಟ. ಗಾಜು ಬದಲಾಯಿಸುತ್ತ ಹೋದ. ಮೂರನೆಯ ಗಾಜಿಗೆ ಹುಡುಗಿ ಗೋಡೆಯ ಕೊನೆಯ ಸಾಲಿನವರೆಗೆ ಗಡಗಡ ಓದಿಬಿಟ್ಟಿತು. ಅವನು ತಾಯಿಯ ಕಡೆ ತಿರುಗಿದ.

“ನಿಮ್ಮ ಮಗಳು ದಡ್ಡಿ ಅಲ್ಲಮ್ಮ. ಅವಳಿಗೆ ಕಾಣ್ತಾ ಇರ್ಲಿಲ್ಲ, ಅಷ್ಟೇ. ಕಾಣದೇ ಇದ್ದಿದ್ದಕ್ಕೆ ನೀವು...”

ಅಲ್ಲಿಗೆ ನಿಂತ. ಸಾವಿರ ಸಲ ಆಡಿದ ಮಾತು, ಮುಂದಿನ ಪದ ಬಾಯಿಗೆ ಬರಲಿಲ್ಲ. ಮರೆಯಾಚೆ ಹೆಂಡತಿಯ ಬೆನ್ನು ಕಾಣುತ್ತಿತ್ತು.

ತಾಯಿಗೆ ಉಳಿದದ್ದು ಬೇಕಾಗಲಿಲ್ಲ. ಅವಳು ಬಾಯಿಗೆ ಕೈ ಹಿಡಿದಳು. “ಅಯ್ಯೋ ನನ್ನ ಬಂಗಾರಾ, ಎಲ್ರೆದುರು ನಿನ್ನ ಬೈದ್ಬಿಟ್ನಲ್ಲೇ. ತಪ್ಪಾಯ್ತು ಕಣೇ ನಂದು. ನಿಂದೇನೂ ತಪ್ಪಿಲ್ಲ.” ಹುಡುಗಿಯ ತಲೆಯನ್ನು ಚೌಕಟ್ಟಿನ ಸಮೇತ ಎದೆಗೆ ಒತ್ತಿಕೊಂಡು ಅಳತೊಡಗಿದಳು. ಎಲ್ಲರೆದುರು ಬೈದವಳು, ಎಲ್ಲರೆದುರೇ ತಪ್ಪು ಒಪ್ಪಿಕೊಂಡಳು. ಅದಕ್ಕೆ ಅವಳಿಗೆ ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ.

ಅವನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ನೆಲ ಅಷ್ಟೆಲ್ಲ ಉಪಕಾರ ಮಾಡುವುದಿಲ್ಲ. ಖಾನೆ ತೆರೆದು, ಬಟ್ಟೆ ಸುತ್ತಿದ ಡಿಸ್ಕನ್ನು ತೆಗೆದುಕೊಂಡು, ಮರೆಯ ಬಾಗಿಲು ದಾಟಿ ಹೊರಗೆ ಬಂದ. ಹೆಂಡತಿಯ ಮುಂದೆ ಕೌಂಟರಿನ ಮೇಲಿಟ್ಟ.

“ನಿಧಾನ ಇದ್ದಿದ್ದು ಇದು” ಅಂದ. ದನಿ ಅವನದ್ದೇ ಎಂದು ಅವನಿಗೆ ಅನಿಸಲಿಲ್ಲ. “ನಿನ್ನ ಕೈಯಲ್ಲ. ಧೂಳು ಅಂದಿದ್ದು ಸುಳ್ಳು. ನೀನು ಆವತ್ತು ಹೇಳಿದ್ಯಲ್ಲ, ಎಸ್‌ಎಸ್‌ಡಿ, ಅದನ್ನೇ ಹಾಕಿಸ್ದೆ. ನೀನಿಲ್ದಾಗ ನಾನು ಇಲ್ಲಿ ಕೂತು ನೋಡ್ದೆ, ನನ್ನ ಕೈಲಿ ಒಂದು ದಿನಾನೂ ಆಗ್ಲಿಲ್ಲ. ನಿನ್ನನ್ನ ಇಷ್ಟು ವರ್ಷ... ಇವರೆಲ್ಲರ ಎದುರು... ತಪ್ಪಾಯ್ತು.”

ಬೇಕರಿಯವನು ತನ್ನ ಚಪ್ಪಲಿ ನೋಡಿಕೊಂಡ. ಅವಳು ಬಟ್ಟೆ ಬಿಡಿಸಿ, ಡಿಸ್ಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಒಂದು ಕೈಯಲ್ಲಿ ಹಿಡಿಯುವಷ್ಟು ಕಬ್ಬಿಣದ ಡಬ್ಬಿ.

“ನನ್ನ ಕೈ ಮೊದ್ಲಿಂದ್ಲೂ ಸರಿ ಇತ್ತಾ?” ಎಂದು ಕೇಳಿದಳು.

“ಇತ್ತು.”

ಅವಳು ಡಿಸ್ಕನ್ನು ಮೆಲ್ಲಗೆ ಕೆಳಗಿಟ್ಟಳು. “ಡಾಕ್ಟರಮ್ಮ ಕರೆದಾಗ ಆಗಲ್ಲ ಅಂದೆ. ಕೈ ನಿಧಾನ ಅಂತ. ಅಲ್ಲಿಗೆ ಬೇರೆಯವರು ಬಂದಾಯ್ತು.” ಅಳುವಾಗಲಿ ಸಿಟ್ಟಾಗಲಿ ಆ ದನಿಯಲ್ಲಿರಲಿಲ್ಲ. “ನೀವು ಒಳಗೇ ಇದ್ರಲ್ಲ ಆವತ್ತು.”

“ಇದ್ದೆ” ಅಂದ. ತಲೆ ಎತ್ತಲಾಗಲಿಲ್ಲ. ಹೊಸ ಡಿಸ್ಕನ್ನು ಆರಿಸುವಾಗ ಜಾಗ ಎಷ್ಟು, ವಾರಂಟಿ ಎಷ್ಟು ಎಂದು ಕೇಳಿ ತಿಳಿದುಕೊಂಡಿದ್ದ. ಇದಕ್ಕೆ ಏನು ಕೊಡಬೇಕು ಎಂದು ಕೇಳಲು ಯಾವ ಅಂಗಡಿಯೂ ಇರಲಿಲ್ಲ.

ಅಷ್ಟರಲ್ಲಿ ತಾಯಿ ಕಣ್ಣೊರೆಸಿಕೊಂಡು ಮಗಳನ್ನು ಕರೆದುಕೊಂಡು ಹೊರಗೆ ಬಂದಳು. ಹೆಂಡತಿ ಹುಡುಗಿಯ ಕಡೆ ತಿರುಗಿ ಹೆಸರು ಕೇಳಿದಳು. ಹುಡುಗಿ ಹೇಳಿತು. ನಂಬರನ್ನು ಗಂಡ ಹೇಳಿದ. ಬೆರಳುಗಳು ಗುಂಡಿಗಳ ಮೇಲೆ ಓಡಿದವು. ಆ ಬೆರಳುಗಳ ಓಟವನ್ನು ಇಷ್ಟು ಹತ್ತಿರದಿಂದ ಅವನು ನೋಡಿದ್ದು ಅದೇ ಮೊದಲು. ಚೀಟಿ ಬಂತು. ಅವಳು ಅದನ್ನು ಹರಿದು, ಅವನ ಮುಖ ನೋಡದೆ ಚಾಚಿದಳು.

“ಈ ಮಗೂದು ಇವತ್ತೇ ಮಾಡ್ಕೊಡಿ” ಅಂದಳು. “ಅದನ್ನ ಕಾಯಿಸ್ಬೇಡಿ.”

ಅವನು ಚೀಟಿ ತೆಗೆದುಕೊಂಡು ಒಳಗೆ ಹೋದ.